ಫಾರಿನ್ ಕಾಳುಮೆಣಸು

ಹೊರದೇಶದ ಕಾಳುಮೆಣಸಿಗೆ ಸುಂಕ ಏರಿಸಿ ಎಂದು ಸಕಲೇಶಪುರದ ಬೆಳೆಗಾರರ ಧರಣಿಯಲ್ಲಿ ಗಂಟಲು ಹರಿಯುವಂತೆ ಕೂಗಿದವನು ನಾನು. ರಿಟೈರಾದವನಿಗೆ ಬೇರೇನು ಕೆಲಸ ಹೇಳಿ! ಆಮೇಲೆ ಕೊಲಂಬೊದ ತಂಗಿಗೆ ನಮ್ಮ ತೋಟದ ಮೆಣಸು ಒಯ್ದೆ. "ಇಷ್ಟೊಂದು ಯಾಕಣ್ಣಾ?" ಎಂದು ಅವಳು ಅರ್ಧ ನನ್ನ ಚೀಲಕ್ಕೇ ವಾಪಸು ತುಂಬಿದಳು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಅಧಿಕಾರಿ ಆ ಚೀಲ ಎತ್ತಿ ಹಿಡಿದರು. ಪೇಪರಿನಲ್ಲಿ ಬಂದರೆ ಊರಲ್ಲಿ ತಲೆ ಎತ್ತುವುದು ಹೇಗೆ?

"ಇದು ನಮ್ಮ ಯಸಳೂರಿಂದೇ ಕಣ್ರೀ ಸಾರ್!"

"ಬಿಲ್ ಇದೆಯಾ?"

"ಅಂಗಳದಲ್ಲಿ ಒಣಗಿಸಿದ್ದಕ್ಕೆ ಯಾರ್ ಬಿಲ್ ಕೊಡ್ತಾರೆ?"

"ಹೋಗುವಾಗಲೇ ನಮಗೆ ತೋರಿಸಿ ಬರೆಸಿಕೊಳ್ಳಬೇಕಿತ್ತು ಯಜಮಾನ್ರೇ. ಈಗ ಇದು ಫಾರಿನ್ ಮಾಲೇ."

ಅವರು ಮೂಸಿ ನೋಡಿ, "ಮನೆ ಖರ್ಚಿಗೆ ತಾನೇ? ಹೋಗಿ" ಎಂದರು.

ಯಸಳೂರಿನ ಬಸ್ಸಿನಲ್ಲಿ ಪರಿಚಯದವರೊಬ್ಬರು, "ಫಾರಿನ್ನಿಂದ ಏನ್ ತಂದ್ರಿ ಮಾರಾಯ್ರೇ?" ಎಂದರು.

ಚೀಲ ಅವುಚಿಕೊಂಡು, "ಚಾಕ್ಲೇಟು" ಅಂದುಬಿಟ್ಟೆ.