ಬಂಗಡೆ ನೋಡಿ ಆರಿಸಿದ ಕಂಪ್ಯೂಟರ್

ಕಳೆದ ವಾರ ಅಂಕೋಲೆಯ ನನ್ನ ಫೋಟೋ ಸ್ಟುಡಿಯೋಕ್ಕೆ ಹೊಸ ಮಾನಿಟರ್ ಬಂತು. ಪೆಟ್ಟಿಗೆ ಬಿಚ್ಚಿದರೆ ಥರ್ಮಾಕೋಲಿನ ಒಣ ವಾಸನೆ. ಅದರ ಬೆನ್ನಿಗೇ ಬಂಗಡೆ ಮೀನಿನ ವಾಸನೆ ಮೂಗಿಗೆ ಬಡಿಯಿತು. ಹೆಂಡತಿ ಮೂಸಿ ನೋಡಿ ಏನೂ ಇಲ್ಲವೆಂದಳು. ಇಲ್ಲದ ವಾಸನೆ ಬರುವುದು ಯಾವ ರೋಗದ ಲಕ್ಷಣವಿರಬಹುದೆಂದು ಅರ್ಧ ದಿನ ಚಿಂತಿಸಿದೆ. ಆಮೇಲೆ ಹೊಳೆಯಿತು... ಅದು ರೋಗವಲ್ಲ, ಕಾರವಾರದ ಮಾಮ.

ಮಾಮ ಎಂದರೆ ನೆಂಟರಲ್ಲ. ಕಾರವಾರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕಂಪ್ಯೂಟರ್ ಜೋಡಿಸಿ ಕೊಡುತ್ತಿದ್ದವರು. ಮೀನುಗಾರರ ಮನೆಯವರು, ಬೋಟುಗಳ ವೈರ್‌ಲೆಸ್ ರಿಪೇರಿ ಮಾಡುತ್ತ ಮಾಡುತ್ತ ಕಂಪ್ಯೂಟರಿಗೆ ಬಂದಿದ್ದರು. ದೇವಬಾಗದಿಂದ ಕಾಳಿ ಸೇತುವೆ ದಾಟಿ ಸೈಕಲ್ಲಿನಲ್ಲಿ ಬರುತ್ತಿದ್ದರು. ಊರಿನವರಿಗೆಲ್ಲ ಮಾಮ, ಹಾಗಾಗಿ ನನಗೂ ಮಾಮ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಕ್ಯಾಮರಾಕ್ಕೆ ರೋಲ್ ಹಾಕುವ ಕಾಲ ಮುಗಿಯುತ್ತಿತ್ತು. ನಾನೂ ಡಿಜಿಟಲ್ ಕ್ಯಾಮರಾ ಕೊಂಡಿದ್ದೆ; ಕಂಪ್ಯೂಟರ್ ಮಾತ್ರ ಇರಲಿಲ್ಲ. ಶೆಟಗೇರಿಯ ಒಂದು ಮದುವೆಯ ಫೋಟೋಗಳನ್ನು ಗೆಳೆಯನ ಆಫೀಸಿನ ಕಂಪ್ಯೂಟರಿನಲ್ಲಿ ತಿದ್ದಿದೆ. ಅಲ್ಲಿ ಎಲ್ಲ ಚೆನ್ನಾಗಿಯೇ ಕಂಡಿತ್ತು. ಪ್ರಿಂಟಾಗಿ ಬಂದಾಗ ಮದುಮಗಳಿಂದ ಭಟ್ಟರವರೆಗೆ ಎಲ್ಲರೂ ಮಳೆಗಾಲದ ಬಾವಿಕಟ್ಟೆಯ ಹಾಗೆ ಹಸಿರು ಹಸಿರು. ಹುಡುಗಿಯ ಅಪ್ಪ ಆಲ್ಬಮ್ ತಂದು ಮೇಜಿನ ಮೇಲಿಟ್ಟು, ಸಿಟ್ಟಿಲ್ಲದೆ ಹೇಳಿದರು:

“ಫೋಟೋ ಚಲೋ ಬಂದದೆ. ಆದ್ರೆ ಇದು ನಮ್ಮ ಹುಡುಗಿ ಅಲ್ಲ. ಬರೂ ತಿಂಗಳು ಸಣ್ಣವಳ ಮದುವೆ. ಅದನ್ನೂ ನಿನ್ಗೇ ಕೊಡ್ತೆ. ಅದೂ ಹೀಂಗೇ ಆದ್ರೆ ಮುಂದೆ ನಮ್ಮೂರವ್ರೆಲ್ಲಾ ಕಾರವಾರದ ಫೋಟೋದವ್ರಿಗೇ ಹೇಳೂದು.”

ಒಂದು ಊರಿನ ಮದುವೆಗಳೆಲ್ಲ ಕೈಬಿಟ್ಟರೆ ನನ್ನಂಥವನ ಸ್ಟುಡಿಯೋ ಬಾಗಿಲು ಹಾಕಬೇಕಾದದ್ದೇ. ಅವರು ಮೆಟ್ಟಿಲು ಇಳಿಯುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಬಾಗಿಲು ಹಾಕಿ, ಭಾವನ ಕಿರಾಣಿ ಅಂಗಡಿಯಲ್ಲಿ ಬೆಲ್ಲ ತೂಗುತ್ತಿದ್ದೆ.

ಮಾಮನ ಅಂಗಡಿಗೆ ಹೋದದ್ದು ನಾಲ್ಕು ಹಾಳೆಯ ಪಟ್ಟಿ ಹಿಡಿದುಕೊಂಡು. ಪತ್ರಿಕೆಗಳನ್ನು ಓದಿ, ಅರ್ಥವಾಗದ್ದನ್ನೆಲ್ಲ ಮುಖ್ಯವಿರಬೇಕೆಂದು ಬರೆದುಕೊಂಡಿದ್ದೆ. ಮಾಮ ಕನ್ನಡಕ ಏರಿಸಿ ಮೊದಲು ಹೊಡೆದು ಹಾಕಿದ್ದು ಗ್ರಾಫಿಕ್ಸ್ ಕಾರ್ಡನ್ನು.

“ಇದು ಎಂತಕ್ಕೆ? ಆಟ ಆಡ್ತ್ಯಾ?”

“ಇಲ್ಲ ಮಾಮಾ, ಫೋಟೋ...”

“ಹಾಂಗಾದ್ರೆ ಬೇಡ. ಆ ದುಡ್ಡಿಗೆ ರ‍್ಯಾಮ್ ಜಾಸ್ತಿ ಹಾಕ್ವ. ಬಲೆ ಹರವೂಕೆ ದಂಡೆ ಹೊಯ್ಗೆ ಮೇಲೆ ಜಾಗ ಬೇಕಲ್ಲಾ ತಮಾ, ಹಾಂಗೆ.”

ಉಪ್ಪುಗಾಳಿಗೆ ಒಳಗಿನದೆಲ್ಲ ತುಕ್ಕು ಹಿಡಿದರೆ ಎಂದು ಕೇಳಿದೆ.

“ನಾನೂ ಅದೇ ಗಾಳೀಲಿ ಅರವತ್ತು ವರ್ಷ ಕಳೆದೆ. ದಿನಾ ಚಾಲೂ ಮಾಡು, ಸಾಕು. ಬಳಸದೆ ಇಟ್ಟದ್ದೇ ತುಕ್ಕು ಹಿಡಿಯೂದು.”

ಮಾನಿಟರಿನ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. ಆಗಷ್ಟೇ ತೆಳ್ಳನೆಯವು ಬಂದಿದ್ದವು. ಮೇಜಿನ ಮೇಲೆ ಅಂಥದೊಂದಿದ್ದರೆ ಗಿರಾಕಿಗಳಿಗೆ ಹಸಿರು ಮದುಮಗಳು ಮರೆತೇ ಹೋಗುತ್ತಾಳೆಂದು ನನ್ನ ಲೆಕ್ಕ. ಮಾಮ ಡೊಳ್ಳು ಹೊಟ್ಟೆಯ ಹಳೇ ನಮೂನೆಯದೇ ಸರಿ ಎಂದರು. ನಾನು ಒಪ್ಪದಿದ್ದಾಗ ಓಣಿಯ ಬಾಯಿಗೆ ಹೋಗಿ, ಮೀನು ಮಾರುವ ಅಕ್ಕನಿಂದ ಒಂದು ಬಂಗಡೆ ತಂದರು. ಬಾಲ ಹಿಡಿದು ಬಾಗಿಲ ಬೆಳಕಿಗೆ ಎತ್ತಿದರು. “ತೆಗಿ ಫೋಟೋ.”

ತೆಗೆದೆ. ಎರಡೂ ಮಾನಿಟರಿನಲ್ಲಿ ಅದೇ ಫೋಟೋ ಹಾಕಿ, ನಡುವೆ ಪೇಪರಿನ ಮೇಲೆ ಮೀನನ್ನು ಮಲಗಿಸಿದರು. “ಮದುಮಗಳ ಬಣ್ಣದಾಗೆ ನಾವು ಮೋಸ ಹೋಗೂದು. ಬಂಗ್ಡೆ ಬಣ್ಣದಾಗೆ ಇಲ್ಲ.”

ತೆಳ್ಳನೆಯದರಲ್ಲಿ ನಾನು ತಲೆ ಎತ್ತಿದರೆ ಬಂಗಡೆ ತಾಜಾ. ತಗ್ಗಿಸಿದರೆ ನಾಲ್ಕು ದಿನದ್ದು. ಡೊಳ್ಳಿನದರಲ್ಲಿ ಎಲ್ಲಿಂದ ನೋಡಿದರೂ ಒಂದೇ ಮೀನು. ನನ್ನ ಹಟ ಮುಗಿಯಿತು. ಇನ್ನು ಅದರ ಬಣ್ಣವನ್ನು ಮೀನಿನ ಬಣ್ಣಕ್ಕೆ ಕೂಡಿಸಬೇಕು ಎನ್ನುವಾಗ ಕರೆಂಟು ಹೋಯಿತು.

ಎರಡು ತಾಸಿನ ಮೇಲೆ ಬಂತು. ಮಾಮ ಒಂದು ಕಣ್ಣು ಪರದೆಯ ಮೇಲೆ, ಒಂದು ಕಣ್ಣು ಮೀನಿನ ಮೇಲೆ ಇಟ್ಟು ಗುಂಡಿ ಒತ್ತುತ್ತ ಹೋದರು. ನೀಲಿ ಇಳಿಸಿದರು, ಹೊಳಪು ಇಳಿಸಿದರು. ಕೊನೆಗೆ ಪರದೆಯ ಬಂಗಡೆಯೂ ಪೇಪರಿನ ಬಂಗಡೆಯೂ ಅವಳಿಜವಳಿ. ನಾವಿಬ್ಬರೂ ಹೆಮ್ಮೆಯಿಂದ ನೋಡುತ್ತಿದ್ದಾಗ ಮೀನಿನ ಅಕ್ಕ ಖಾಲಿ ಬುಟ್ಟಿ ಹೊತ್ತು, ನೀರು ಕೇಳಲು ಬಂದಳು. ಪರದೆ ನೋಡಿದವಳೇ ಬುಟ್ಟಿ ಇಳಿಸಿದಳು.

“ಮಾಮಾ, ಈ ಹಳಸಲು ಮೀನು ಯಾರು ಕೊಟ್ರು ನಿಮ್ಗೆ?”

“ನೀನೇ ಕೊಟ್ಟದ್ದಲ್ಲಾ, ಬೆಳಿಗ್ಗೆ!”

“ಬೆಳಿಗ್ಗೆ ಕೊಟ್ಟದ್ದು ಬೆಳಿಗ್ಗೆ ಹಾಂಗೇ ಇರ್ತದ್ಯಾ? ಬೆಳಿಗ್ಗೆ ಫೋಟೋಕ್ಕೆ ಮಧ್ಯಾಹ್ನದ ಬಂಗ್ಡೆ ಬಣ್ಣ ಬಳಿದ್ರಲ್ಲಾ! ದರ್ಯಾದಲ್ಲಿ ಹುಟ್ಟಿದವ್ರು ನೀವು!”

ಅಷ್ಟು ವರ್ಷ ಸಮುದ್ರದ ಮಗ್ಗುಲಲ್ಲೇ ಬಾಳಿದ ಮಾಮ ಕಿವಿಯವರೆಗೂ ಕೆಂಪಾದರು. ನನಗೋ, ಒಂದಿಡೀ ಊರಿನ ಮದುಮಕ್ಕಳು ಬಾಡಿದ ಬಂಗಡೆಯ ಬಣ್ಣದಲ್ಲಿ ಕಣ್ಣ ಮುಂದೆ ಸಾಲುಗಟ್ಟಿದರು. ಅಕ್ಕನೇ ಹೋಗಿ, ಬರ್ಫದ ಪೆಟ್ಟಿಗೆಯಲ್ಲಿ ಉಳಿದಿದ್ದ ಇನ್ನೊಂದನ್ನು ತಂದಳು. ಮತ್ತೆ ಬಾಲ ಹಿಡಿದರು, ಮತ್ತೆ ತೆಗೆದೆ; ಈ ಸಲ ಮೀನು ಬಾಡುವ ಮೊದಲೇ ಕೂಡಿಸಿದೆವು. ಅವಳು “ಹಾಂ, ಈಗ ಕೊಳ್ಳೂ ಹಾಂಗದೆ” ಎಂದ ಮೇಲೆಯೇ ಮಾಮ ಗುಂಡಿಯಿಂದ ಕೈ ತೆಗೆದದ್ದು.

ಸಣ್ಣವಳ ಮದುವೆಯ ಆಲ್ಬಮನ್ನು ಅವಳಪ್ಪ ಬೆರಳು ಒದ್ದೆ ಮಾಡಿಕೊಂಡು ಒಂದೊಂದೇ ಹಾಳೆ ತಿರುವಿ ನೋಡಿದರು. ನಾನು ಭಾವನ ಅಂಗಡಿಯ ತಕ್ಕಡಿಯನ್ನು ಕಣ್ಣ ಮುಂದೆ ತಂದುಕೊಂಡು ನಿಂತಿದ್ದೆ. “ಇದು ನಮ್ಮ ಹುಡುಗಿಯೇ ಹೌದು” ಎಂದರು ಕೊನೆಗೆ. “ಆದ್ರೆ ನನ್ನ ಎಂತಕ್ಕೆ ಇಷ್ಟು ಕಪ್ಪು ಮಾಡಿದ್ಯೋ?”

ಆ ಮಾತನ್ನು ಮಾಮನಿಗೆ ಹೇಳಿ ನಗಿಸಬೇಕೆಂದುಕೊಂಡೆ. ಇವತ್ತು, ನಾಳೆ... ಚಿಂತೆ ಮಾಡಲು ಸಿಕ್ಕಷ್ಟು ಪುರುಸೊತ್ತು ಕಾರವಾರದ ಬಸ್ಸು ಹತ್ತಲು ನನಗೆ ಸಿಗಲಿಲ್ಲ. ಮಳೆಗಾಲ ಕಳೆದ ಮೇಲೆ ಹೋದರೆ ಅಂಗಡಿಗೆ ಬೀಗ. ಮಾಮ ತೀರಿ ಹೋಗಿ ತಿಂಗಳ ಮೇಲಾಯಿತೆಂದು ಓಣಿಯ ಬಾಯಲ್ಲಿ ಮೀನಿನ ಅಕ್ಕನೇ ಹೇಳಿದಳು. ಅಂದು ಅವಳಿಂದ ಬಂಗಡೆ ಕೊಂಡೆ, ಏಕೆಂದು ಗೊತ್ತಿಲ್ಲ.

ಡೊಳ್ಳು ಹೊಟ್ಟೆಯದು ಎಂದೋ ಗುಜರಿಗೆ ಹೋಯಿತು. ಆದರೆ ಆ ಎರಡನೆಯ ಬಂಗಡೆಯ ಫೋಟೋ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಬರುತ್ತಲೇ ಇದೆ. ಹೊಸ ಮಾನಿಟರ್ ಬಂದಾಗಲೆಲ್ಲ ಮೊದಲು ಅದನ್ನೇ ತೆರೆಯುತ್ತೇನೆ. ನನ್ನಲ್ಲಿರುವ ಮಾಮನ ಫೋಟೋ ಅದೊಂದೇ: ಚೌಕಟ್ಟಿನ ತುಂಬ ಬಂಗಡೆ, ಮೇಲೆ ಬಾಲದ ಹತ್ತಿರ ಅವರ ಹೆಬ್ಬೆರಳು. ಸಾವಿರ ಮದುವೆ ತೆಗೆದ ನಾನು, ಅಂದು ಅವರ ಮುಖದ ಕಡೆಗೆ ಕ್ಯಾಮರಾವನ್ನು ಒಂದು ಗೇಣು ಎತ್ತರಿಸಿರಲಿಲ್ಲ.

ಈ ಸಲವೂ ಪೇಟೆಗೆ ಹೋಗಿ ತಾಜಾ ಬಂಗಡೆ ತಂದು, ಪರದೆಯ ಪಕ್ಕ ಇಟ್ಟು ಬಣ್ಣ ಕೂಡಿಸಿದೆ. ಮೀನು ಸರಿಯಾಯಿತು. ಹೆಬ್ಬೆರಳಿನ ಬಣ್ಣ ಸರಿಯಿದೆಯೋ ಇಲ್ಲವೋ... ಪಕ್ಕದಲ್ಲಿಟ್ಟು ನೋಡಲು ಏನೂ ಇರಲಿಲ್ಲ.