ಬೋಳು ಕಾರು ಮಾರಿದ ವರ್ಷ

1974ರಲ್ಲಿ ನಾನು ಹೊಸದುರ್ಗದ ಸರ್ಕಾರಿ ಪಶು ಚಿಕಿತ್ಸಾಲಯದಲ್ಲಿ ವೈದ್ಯನಾಗಿದ್ದೆ. ಇಸವಿಯ ಬಗ್ಗೆ ಪೂರ್ತಿ ಖಾತ್ರಿಯಿಲ್ಲ. ಪೆಟ್ರೋಲ್ ಬೆಲೆ ಒಮ್ಮೆಲೇ ಏರಿದ ಮೇಲಿನ ವರ್ಷ ಎಂಬುದು ಮಾತ್ರ ನಿಶ್ಚಿತ. ಆ ಏರಿಕೆಗೆ ಹೆದರಿಯೇ ಚಿತ್ರದುರ್ಗದ ಗಣಿ ಎಂಜಿನಿಯರೊಬ್ಬರು ತಮ್ಮ ಹಳೆಯ ಇಂಗ್ಲಿಷ್ ಕಾರನ್ನು ಅಗ್ಗಕ್ಕೆ ನನಗೆ ದಾಟಿಸಿ ನಿರಾಳರಾಗಿದ್ದರು.

ಅದು ಕನ್ವರ್ಟಿಬಲ್. ಅಂದರೆ ಮೇಲಿನ ಚಾವಣಿ ತಗಡಿನದಲ್ಲ, ದಪ್ಪ ಕ್ಯಾನ್ವಾಸಿನದು. ಬೇಕೆಂದಾಗ ಹಿಂದಕ್ಕೆ ಮಡಚಬಹುದು. ನಾನು ಕೊಂಡಾಗಲೇ ಕ್ಯಾನ್ವಾಸ್ ಹರಿದಿದ್ದರಿಂದ ಅದು ಸದಾ ಮಡಚಿಯೇ ಇರುತ್ತಿತ್ತು. ಊರಿನವರು ಅದಕ್ಕೆ ‘ಬೋಳು ಕಾರು’ ಎಂದು ಹೆಸರಿಟ್ಟರು.

ಇಲಾಖೆ ನಮಗೆ ವಾಹನ ಕೊಟ್ಟಿರಲಿಲ್ಲ. ಕಾಯಿಲೆ ಬಿದ್ದ ಪ್ರಾಣಿಯನ್ನು ಆಸ್ಪತ್ರೆಗೆ ತರಬೇಕಾದದ್ದು ಮಾಲೀಕನ ಕೆಲಸ. ನಾನು ಬಂದ ಹೊಸದರಲ್ಲಿ ಕುರಿಗಾಹಿ ಹಟ್ಟಿಯವರು ಯಾರೋ ಕರೆಯಲು ಬಂದಾಗ, “ಇಲ್ಲಿಗೆ ಹೊಡೆದುಕೊಂಡು ಬನ್ನಿ” ಎಂದು ನಾನೂ ಹಿಂದಿನವರಂತೆಯೇ ಹೇಳಿ ಕಳಿಸಿದ್ದೆ.

ಕಾರು ಬಂದ ಬೇಸಿಗೆಯಲ್ಲಿ ಕರಿಯಪ್ಪನವರು ಬಂದರು. ಸುತ್ತಲಿನ ಹಟ್ಟಿಗಳಿಗೆಲ್ಲ ಅವರು ಯಜಮಾನರು. ಅಲ್ಲಿನ ಓಟುಗಳು ಅವರು ಹೇಳಿದ ಕಡೆಗೆ ಬೀಳುತ್ತಿದ್ದವು.

“ಮೊಮ್ಮಗನ ಮದುವೆ ಐತ್ರಿ. ಮದುಮಗನ್ನ ನಿಮ್ಮ ಬೋಳು ಕಾರ್ನಾಗೆ ನಿಂದ್ರಿಸಿ ಮೆರವಣಿಗೆ ಮಾಡ್ಬೇಕು. ನೀವೇ ಹೊಡ್ಕಂಡು ಬರ್ಬೇಕು ಮತ್ತೆ.”

ಮದುವೆಗೆ ಕೇಳಿದಾಗ ಇಲ್ಲ ಎನ್ನುವ ರೂಢಿ ಆ ಕಡೆ ಇಲ್ಲ. ಹೋದೆ. ಮದುಮಗ ಮುಂದಿನ ಗಾಜನ್ನು ಹಿಡಿದು ನಿಂತ, ಹಟ್ಟಿಯೆಲ್ಲ ನೋಡಿತು. ಊಟವಾದ ಮೇಲೆ ಚಪ್ಪರದ ಹಿಂದೆ ಏಳೆಂಟು ಕುರಿ ಕಟ್ಟಿದ್ದು ಕಂಡಿತು. “ಹೆಂಗೂ ಬಂದೀರಿ, ಒಂದೀಟು ನೋಡ್ರಿ” ಎಂದರು. ನೋಡಿದೆ. ಮೆರವಣಿಗೆ ಬೇಗ ಮುಗಿದಿತ್ತು. ಕುರಿಗಳ ಕೆಲಸ ಸಂಜೆಯವರೆಗೆ ಹಿಡಿಯಿತು.

ಅಲ್ಲಿಂದ ಕರೆಗಳು ನಿಲ್ಲಲಿಲ್ಲ. ಮದುವೆ, ನಿಶ್ಚಿತಾರ್ಥ, ಹೆಣ್ಣು ನೋಡಲು ಬರುವ ಬೀಗರನ್ನು ಕರೆತರುವುದು. ಮಳೆ ಬಿದ್ದ ಮೇಲಂತೂ ಇನ್ನೂ ಹೆಚ್ಚಾದವು. ಹೊಸ ಹುಲ್ಲು ಮೇದ ಕುರಿಗಳು ಕರುಳುಬೇನೆಯಿಂದ ನಿಂತಲ್ಲೇ ಬೀಳುವ ಕಾಲ ಅದು. ಲಸಿಕೆ ತಂಪಾಗಿರಬೇಕು ಎಂದು ಐಸ್ ತುಂಬಿದ ಫ್ಲಾಸ್ಕನ್ನು ಕಾರಿನಲ್ಲಿ ಇಟ್ಟುಕೊಂಡೇ ಹೋಗುತ್ತಿದ್ದೆ. “ಬೀಗರು ಬರಾದು ತಡ ಐತೆ, ಅಲ್ಲಿತಂಕ ಕುರಿ ನೋಡ್ರಿ” ಎನ್ನುತ್ತಿದ್ದರು. ಆಮೇಲೆ ಬೀಗರು ಬಂದರೋ ಇಲ್ಲವೋ ಗಮನಿಸಿದ ನೆನಪಿಲ್ಲ. ಗಮನಿಸಿರಲಾರೆ.

ಆಗಸ್ಟಿನಲ್ಲಿ ನನಗೆ ಪಶುವೈದ್ಯದಲ್ಲೇ ಮೇಲಿನ ಓದಿಗೆ ಎಂ.ವಿ.ಎಸ್‌ಸಿ. ಸೀಟು ಸಿಕ್ಕಿತು. ವಯಸ್ಸಿನ ಮಿತಿಯಿಂದಾಗಿ ಅದೇ ಕೊನೆಯ ಅವಕಾಶ. ಸೆಪ್ಟೆಂಬರ್ ಮುಗಿಯುವುದರೊಳಗೆ ಸೇರಬೇಕಿತ್ತು. ಆದರೆ ಬದಲಿ ವೈದ್ಯ ಬಂದು ಅಧಿಕಾರ ವಹಿಸಿಕೊಳ್ಳದೆ ನನ್ನನ್ನು ರಿಲೀವ್ ಮಾಡುವಂತಿರಲಿಲ್ಲ. ಬದಲಿಯ ಹೆಸರು ಬಂತು, ರದ್ದಾಯಿತು. ಇನ್ನೊಬ್ಬರ ಹೆಸರು ಬಂತು, ಅದೂ ರದ್ದಾಯಿತು.

ಗುಟ್ಟು ಹೇಳಿದವನು ನಮ್ಮ ಕಂಪೌಂಡರ್ ಮಂಜಣ್ಣ. “ಕರಿಯಪ್ಪನೋರು ಎಮ್ಮೆಲ್ಲೆ ಹತ್ರ ಹೋಗಿದ್ರಂತೆ ಸಾರ್. ಈ ಡಾಕ್ಟ್ರನ್ನ ಬಿಡಬ್ಯಾಡ್ರಿ ಅಂದ್ರಂತೆ.”

“ಯಾಕಂತೆ?”

“ಯಾಕಂತ ಕೇಳ್ತೀರಲ್ಲ ಸಾರ್! ಬಾಗ್ಲಾಗೇ ನಿಂತೈತೆ ನೋಡ್ರಿ” ಎಂದು ಗದ್ದದಿಂದಲೇ ಕಾರನ್ನು ತೋರಿಸಿದ.

ನನಗೆ ಎಲ್ಲವೂ ಹೊಂದಿಕೊಂಡಿತು. ನಾನು ಹೋದರೆ ಕಾರೂ ಹೋಗುತ್ತದೆ, ಆದ್ದರಿಂದ ನಾನು ಹೋಗಬಾರದು. ಅಂದಿನಿಂದ ಆ ಕಾರಿನಲ್ಲಿ ಕೂತಾಗ ಮೇಲೆ ಆಕಾಶವಿದ್ದರೂ ಹೊರಗಿನಿಂದ ಅಗುಳಿ ಹಾಕಿದ ಕೋಣೆಯಲ್ಲಿದ್ದಂತೆ ಅನಿಸುತ್ತಿತ್ತು. ಇರುವ ದಾರಿ ಒಂದೇ, ಮಾರುವುದು. ಕಾರಿಲ್ಲದಿದ್ದರೆ ನನ್ನನ್ನು ಹಿಡಿದಿಡಲು ಕಾರಣವೇ ಇರುವುದಿಲ್ಲ.

ಹೊಸದುರ್ಗದಲ್ಲಿ ಯಾರೂ ಬೆಲೆ ಕೂಡ ಕೇಳಲಿಲ್ಲ. ಹೊಳಲ್ಕೆರೆಯ ಅಕ್ಕಿ ಗಿರಣಿಯ ಮಾಲೀಕರೊಬ್ಬರು ಹತ್ತಿ ಕೂತು, ಹಾರ್ನ್ ಹೊಡೆದು, ಸೀಟು ಒತ್ತಿ ನೋಡಿ, ಕೊನೆಗೆ ಇಳಿದುಬಿಟ್ಟರು.

“ಗಾಡಿ ಚೆನ್ನಾಗೈತೆ ಡಾಕ್ಟ್ರೆ. ನಂಗೆ ಬ್ಯಾಡ.”

“ಯಾಕ್ರೀ?”

“ತಗಂಡ್ರೆ ಊರಾಗಿನ ಮದುವೆಗೆಲ್ಲ ಕೊಡಬೇಕು. ಇಲ್ಲ ಅನ್ನಾಕೆ ಆಗಲ್ಲ. ಈಗ ಹೆಂಗೂ ನಿಮ್ಮತ್ರ ಐತಲ್ಲ, ನನ್ನ ಮಗನ ಮದುವೆಗೆ ನೀವೇ ತರ್ರಿ!”

ಗಿರಣಿಯ ಮುಂದೆ ಕೂತಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಒಡೆಯನಾದವನು ಒಲ್ಲೆ ಎನ್ನುವಂತಿಲ್ಲ. ಆದ್ದರಿಂದ ಒಡೆಯನಾಗಲು ಯಾರೂ ಒಪ್ಪುವುದಿಲ್ಲ. ಸೆಪ್ಟೆಂಬರ್ ಅರ್ಧ ಕಳೆದಿತ್ತು.

ಕೊನೆಗೆ ಅದನ್ನು ಕೊಂಡವರು ಹಿರಿಯೂರಿನ ದಸ್ತಗೀರ್ ಸಾಬರು. ಅವರದು ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್. ಬ್ಯಾಂಡಿನ ಜೊತೆ ಕಾರನ್ನೂ ಬಾಡಿಗೆಗೆ ಕೊಡುವುದು ಅವರ ಲೆಕ್ಕಾಚಾರ. “ಸುಮ್ನೆ ಕೊಡೋನಿಗೆ ತಾನೇ ತಕಲೀಫು ಸಾಹೇಬ್ರೆ? ನಮಗೇನಿಲ್ಲ” ಎಂದರು. ಬೀಗದ ಕೈ ಕೊಟ್ಟು ಹಿರಿಯೂರಿನಿಂದ ಬಸ್ಸಿನಲ್ಲಿ ವಾಪಸು ಬರುವಾಗ ನಾನು ಹಾಡು ಗುನುಗಿಕೊಂಡೆ ಎಂದು ನೆನಪು. ಆಮೇಲೆ ಸೇರಿಸಿಕೊಂಡ ನೆನಪೂ ಇರಬಹುದು.

ಸಂತೆಯ ದಿನ ಕರಿಯಪ್ಪನವರು ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದರು. ಎದುರು ಕೂತು ಸುದ್ದಿ ಹೇಳಿದೆ.

“ಮಾರಿಬಿಟ್ರಾ? ಮತ್ತೆ ಹಟ್ಟಿಗೆ ಹೆಂಗ್ ಬರ್ತೀರಿ?”

“ಮದುವೆಗೆ ದಸ್ತಗೀರ್ ಸಾಬರು ಕಾರು ಕಳಿಸುತ್ತಾರಲ್ಲ.”

“ಮದುವೆ ಮನೆ ಹಾಳಾಗ್ಲಿ. ಕುರಿಗೆ?”

ನನಗೆ ಅರ್ಥವಾಗಲಿಲ್ಲ. ಅವರು ಲೋಟ ಕೆಳಗಿಟ್ಟರು.

“ಅಲ್ರೀ, ಅಷ್ಟು ಓದೀರಿ. ಆಷಾಢದಾಗೆ ಯಾರಾನ ಹೆಣ್ಣು ನೋಡಾಕೆ ಬರ್ತಾರೇನ್ರಿ?”

ಪಂಚಾಂಗವನ್ನು ನಂಬದ ನನಗೆ ಆಷಾಢ ಯಾವಾಗ ಬಂದು ಯಾವಾಗ ಹೋಯಿತೆಂಬುದೇ ಗೊತ್ತಿರಲಿಲ್ಲ. ಆ ತಿಂಗಳು ಬೀಗರ ಹೆಸರಿನಲ್ಲಿ ಹಟ್ಟಿಗಳಿಗೆ ಹೋದಾಗಲೆಲ್ಲ ಮಾಡಿದ ಕೆಲಸ ಒಂದೇ, ಕುರಿಗಳಿಗೆ ಸೂಜಿ ಹಾಕಿದ್ದು.

“ಕುರಿಗೆ ಬ್ಯಾನೆ ಅಂದ್ರೆ ಹೊಡ್ಕಂಡು ಬರ್ರಿ ಅಂತೀರಿ. ಬ್ಯಾನೆ ಬಿದ್ದ ಕುರಿ ನಡೀತದಾ? ಮದುವೆ ಅಂದ್ರೆ ಇಲ್ಲ ಅನ್ನಾಕಿಲ್ಲ. ಅದಕ್ಕೇ ಮದುವೆ ಅಂದ್ವಿ. ಈ ವರ್ಷ ನಮ್ಮ ಹಟ್ಯಾಗೆ ಕುರಿ ಸಾಯ್ಲಿಲ್ಲ.” ಲೋಟವನ್ನು ಮತ್ತೆ ಎತ್ತಿಕೊಂಡು, “ಹೋಗ್ರಿ ಓದಾಕೆ. ನಾನೇ ಹೇಳ್ತೀನಿ ಎಮ್ಮೆಲ್ಲೆಗೆ. ಗಾಡಿ ಇಲ್ಲದ ಡಾಕ್ಟ್ರು ಎಲ್ಲಾ ಒಂದೇಯ” ಎಂದರು.

ಇದನ್ನು ನಗುತ್ತಾ ಹೇಳಿದರೋ ಸಿಟ್ಟಿನಿಂದಲೋ? ನೆನಪು ಎರಡನ್ನೂ ತೋರಿಸುತ್ತದೆ. ನೆನಪಿಗೆ ನನ್ನ ಮೇಲೆ ಮಮತೆ ಜಾಸ್ತಿ, ನಗುವಿನ ಕಡೆಗೇ ವಾಲುತ್ತದೆ. ಆದ್ದರಿಂದ ಸಿಟ್ಟಿನಿಂದ ಎಂದೇ ಬರೆಯುತ್ತೇನೆ.

ಗಡುವಿಗೆ ಮುಂಚೆ ಆದೇಶ ಬಂತು. ಕಾರು ಹೋದರೆ ಬಿಡುಗಡೆ ಎಂದು ಎಣಿಸಿದ್ದೆ, ಹಾಗೆಯೇ ಆಯಿತು. ಆದರೂ ಕಾರಣದ ಬಗೆಗಿನ ನನ್ನ ಎಣಿಕೆ ಪೂರ್ತಿ ತಪ್ಪಾಗಿತ್ತು.

ಬದಲಿ ವೈದ್ಯರಿಗೆ ಔಷಧದ ಬೀರು ತೋರಿಸುತ್ತಿದ್ದ ದಿನ ಹಟ್ಟಿಯ ಹೆಂಗಸೊಬ್ಬಳು ಮರಿಯೊಂದನ್ನು ಹೆಗಲ ಮೇಲೆ ಹೊತ್ತು ನಡೆದೇ ಬಂದಳು. ಬಸ್ಸಿನವನು ಹತ್ತಿಸಿಕೊಂಡಿರಲಿಲ್ಲ. ಇಳಿಸುವಷ್ಟರಲ್ಲಿ ಮರಿಯ ಕತ್ತು ಜೋತಿತ್ತು. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಹೊಸಬರನ್ನು ನೋಡಿ ನನ್ನನ್ನು ಕೇಳಿದಳು: “ಇವರತ್ರ ಗಾಡಿ ಐತೇನ್ರಿ?”

“ಸೈಕಲ್ ಇದೆಯಮ್ಮ” ಎಂದರು ಅವರೇ.

“ಸೈಕಲ್ಲು ನಮ್ಮ ಹಟ್ಟಿತಂಕ ಬರಾಕಿಲ್ಲ” ಎಂದು ಮರಿಯನ್ನು ಮತ್ತೆ ಹೆಗಲಿಗೇರಿಸಿಕೊಂಡು ಹೊರಟಳು.

ಪಶುವೈದ್ಯನ ರೋಗಿ ಮಾತಾಡುವುದಿಲ್ಲ. ಕಣ್ಣು, ಕಿವಿ, ಉಸಿರು, ಸಗಣಿ ನೋಡಿ ಕಾರಣವನ್ನು ನಾವೇ ಊಹಿಸಬೇಕು. ಆ ಅಭ್ಯಾಸ ಎಷ್ಟು ಬೇಗ ಮೈಗೂಡುತ್ತದೆಂದರೆ, ಮಾತು ಬಲ್ಲವರನ್ನೂ ನಾವು ಕೇಳದೆ ಬರೀ ನೋಡತೊಡಗುತ್ತೇವೆ. ಮುಂದೆ ಕಾಲೇಜಿನಲ್ಲಿ ಪಾಠ ಮಾಡುವಾಗ ಪ್ರತಿ ವರ್ಷದ ಮೊದಲ ತರಗತಿಯಲ್ಲಿ ಹೇಳುತ್ತಿದ್ದೆ: ಪ್ರಾಣಿಯ ಮೈ ಮುಟ್ಟುವ ಮೊದಲು, ಅದನ್ನು ತಂದವರನ್ನು ಕೂರಿಸಿ, ಏನು ಬೇಕೆಂದು ಕೇಳಿ. ಇಲಾಖೆಯ ಜೀಪು ಎಲ್ಲ ಕಡೆಗೂ ಬಂದ ಮೇಲೂ ಇದನ್ನು ಹೇಳುವುದು ಬಿಡಲಿಲ್ಲ.