ಉಸಿರಾಡುತ್ತಿದ್ದ ಮೇವು

2009ರಲ್ಲಿ ನಾನು ಚಿಕ್ಕೋಡಿ ತಾಲ್ಲೂಕಿನಲ್ಲಿ ಪಶುವೈದ್ಯನಾಗಿದ್ದೆ. ಹಸಿ ಮೇವನ್ನು ಬೇಸಿಗೆಗೆ ಕೂಡಿಡುವ ಸೈಲೇಜ್ ಪದ್ಧತಿಯನ್ನು ರೈತರಿಗೆ ಕಲಿಸುವುದೂ ನನ್ನ ಕೆಲಸವಾಗಿತ್ತು. ಅಂಕಲಿಯ ಹತ್ತಿರ ಅದಕ್ಕೆ ಮೊದಲು ಒಪ್ಪಿದವರು ಎಮ್ಮೆ ಸಾಕಿದ್ದ ಸುವರ್ಣಾ. ಅವರ ಮಾವ ಬಾಳಪ್ಪನವರಿಗೆ ಮನಸ್ಸಿರಲಿಲ್ಲ. ಆದರೂ ಸೊಸೆ ಹಟ ಹಿಡಿದು, ಗೋವಿನಜೋಳವನ್ನು ಹಸಿಯಿದ್ದಾಗಲೇ ಕತ್ತರಿಸಿ ತಗ್ಗಿಗೆ ತುಂಬಿಸಿ, ಟ್ರ್ಯಾಕ್ಟರ್ ಹತ್ತಿಸಿ ತುಳಿಸಿ, ಪ್ಲಾಸ್ಟಿಕ್ ಹೊದಿಸಿದ್ದರು.

ಮೂರನೆಯ ದಿನ ಫೋನ್ ಬಂತು. "ಸರ, ಮೇವು ಸುಡಾಕತ್ತೈತ್ರಿ."

ಹೋಗಿ ನೋಡಿದೆ. ಪ್ಲಾಸ್ಟಿಕ್ ಸರಿಸಿ ತಗ್ಗಿನ ಗೋಡೆಯ ಬದಿಗೆ ಕೈ ತೂರಿಸಿದರೆ ಚುರುಕ್ಕೆನ್ನುವಷ್ಟು ಕಾವು. ದನಗಳ ಜ್ವರ ನೋಡುವ ಥರ್ಮಾಮೀಟರ್ ಇಟ್ಟೆ. ಪಾದರಸ ತುದಿ ಮುಟ್ಟಿತು. ತಗ್ಗಿನ ನಡುವೆ ಇಟ್ಟರೆ ಉಗುರುಬೆಚ್ಚಗೆ, ಅಷ್ಟೆ. ಅದೇ ಮೇವು, ಅದೇ ತಗ್ಗು. ನನಗೂ ಕುತೂಹಲವಾಯಿತು.

"ಕೊಳಿಯಾಕತ್ತೈತಿ. ತಗದು ತಿಪ್ಪಿಗಿ ಹಾಕ್ರಿ," ಎಂದರು ಬಾಳಪ್ಪ. ಹಾಕಿದ್ದರೆ ಬೇಸಿಗೆಯಲ್ಲಿ ಎಮ್ಮೆಗಳಿಗೆ ಹಸಿ ಮೇವಿರುತ್ತಿರಲಿಲ್ಲ. ಸುವರ್ಣಾ ಮನೆಯಲ್ಲಿ ಮತ್ತೊಂದು ಹೊಸ ಮಾತು ಎತ್ತುವಂತೆಯೂ ಇರುತ್ತಿರಲಿಲ್ಲ.

ಸುವರ್ಣಾ ಮಾತ್ರ ಬೇರೆಯದನ್ನೇ ಕೇಳಿದರು. "ಕೊಯ್ದ ಮ್ಯಾಲ ಅದು ಸತ್ತಂಗಲ್ಲೇನ್ರಿ? ಕಾವು ಎಲ್ಲಿಂದ ಬಂತ್ರಿ?"

"ಸತ್ತಿಲ್ಲವ್ವಾ, ಇನ್ನೂ ಉಸಿರಾಡಾಕತ್ತೈತಿ," ಎಂದೆ.

ಕತ್ತರಿಸಿದ ಎಲೆಯ ಜೀವಕೋಶಗಳು ತಕ್ಷಣ ಸಾಯುವುದಿಲ್ಲ. ಗಾಳಿ ಇರುವ ತನಕ ಆಮ್ಲಜನಕ ಬಳಸಿ ತಮ್ಮೊಳಗಿನ ಸಕ್ಕರೆಯನ್ನು ಪೂರ್ತಿ ಒಡೆಯುತ್ತವೆ. ಹೊರಬೀಳುವ ಶಕ್ತಿಯಲ್ಲಿ ಬಹುಪಾಲು ಕಾವಾಗಿ ಹೋಗುತ್ತದೆ. ಗಾಳಿ ತೀರಿದ ಮೇಲೆ ಎಲೆಯ ಮೇಲಿನ ಬ್ಯಾಕ್ಟೀರಿಯಾಗಳ ಸರದಿ. ಅವು ಆಮ್ಲಜನಕವಿಲ್ಲದೆ ಸಕ್ಕರೆಯನ್ನು ಅರ್ಧಕ್ಕೇ ಒಡೆದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಅವುಗಳಿಗೆ ದಕ್ಕುವ ಶಕ್ತಿ ಅಲ್ಪ. ಉಳಿದದ್ದು ಆಮ್ಲದಲ್ಲೇ ಉಳಿದು ಎಮ್ಮೆಯ ಹೊಟ್ಟೆ ಸೇರುತ್ತದೆ. ಆ ಹುಳಿಯೇ ಮೇವನ್ನು ಕೆಡದಂತೆ ಕಾಯುತ್ತದೆ.

ಸುವರ್ಣಾ ಕೇಳಿಸಿಕೊಂಡು, ತಗ್ಗಿನ ಸುತ್ತ ಒಮ್ಮೆ ನಡೆದರು. "ಟ್ರ್ಯಾಕ್ಟರ್ ಗಾಲಿ ಇಲ್ಲಿ ತನಕ ಬಂದೇ ಇಲ್ರಿ." ಗೋಡೆಗೆ ತಾಗೀತೆಂದು ಚಾಲಕ ಟ್ರ್ಯಾಕ್ಟರನ್ನು ದೂರವೇ ಓಡಿಸಿದ್ದ. ಅಂಚಿನ ಮೇವು ಸಡಿಲಾಗಿ, ಒಳಗೆ ಗಾಳಿ ಉಳಿದಿತ್ತು.

ಅವರೂ ಗಂಡನೂ ಅಂಚಿಗಿಳಿದು ತುಳಿಯತೊಡಗಿದರು. ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದ ಬಾಳಪ್ಪ ಧೋತರ ಎತ್ತಿಕಟ್ಟಿ ತಾವೂ ಇಳಿದರು. ಸಂಜೆಗೆ ಮತ್ತೆ ಪ್ಲಾಸ್ಟಿಕ್ ಹೊದಿಸಿ ಮೇಲೆ ಮಣ್ಣು ಹೇರಿದೆವು.

ಎರಡು ತಿಂಗಳ ನಂತರ ತೆಗೆದಾಗ ಅಂಚಿನದು ಕಂದುಬಣ್ಣಕ್ಕೆ ತಿರುಗಿತ್ತು, ಒಂದಿಷ್ಟು ಎಸೆಯಬೇಕಾಯಿತು. ನಡುವಿನದು ಹಳದಿ ಹಸಿರು, ಹುಳಿ ವಾಸನೆ. ಎಮ್ಮೆ ಮೂಸಿ ಮುಖ ತಿರುಗಿಸಿತು. ಆಮೇಲೆ ಬಾಯಿ ಹಾಕಿತು, ಬುಟ್ಟಿ ಖಾಲಿಯಾಗುವವರೆಗೂ ತಲೆ ಎತ್ತಲಿಲ್ಲ.

"ಬರೂ ವರ್ಷ ಇನ್ನೊಂದು ತಗ್ಗು ತಗಿಯೂಣು," ಎಂದರು ಬಾಳಪ್ಪ, ಸೊಸೆಗೆ.

ಕಾರಣ ತಿಳಿದವರಿಗೆ ಮುಂದೇನು ಮಾಡಬೇಕೆಂದು ಹೇಳಬೇಕಾಗಿಲ್ಲ. ನೌಕರಿ ನನಗೆ ಕಲಿಸಿದ್ದು ಇದು. ಮರುವರ್ಷ ಎರಡು ತಗ್ಗು ತುಂಬಿದಾಗ ಸುವರ್ಣಾ ನನಗೆ ಒಮ್ಮೆಯೂ ಫೋನ್ ಮಾಡಲಿಲ್ಲ.